ರಿಯಾಯಿತಿಯ ಗರಗಸ ಕೊಳ್ಳೋಣವೆ?

ದಸರೆ ದೀಪಾವಳಿಗಳು ಬಂದವೆಂದರೆ ಅಂಗಡಿಯವರಿಗೆ ನಮ್ಮ ಮೇಲೆ ಇದ್ದಕ್ಕಿದ್ದಂತೆ ವಾತ್ಸಲ್ಯ ಉಕ್ಕುವುದನ್ನು ನೀವೂ ಕಂಡಿರಬೇಕು. ಪತ್ರಿಕೆ ಬಿಡಿಸಿದರೆ ರಿಯಾಯಿತಿ, ಕೈಯಲ್ಲಿರುವ ಫೋನು ತೆರೆದರೆ ರಿಯಾಯಿತಿ. ಸೀರೆ, ಮಿಕ್ಸಿ, ಸೋಫಾಗಳ ನಡುವೆ ಒಂದು ದಿನ ನಿಮ್ಮ ಕಣ್ಣಿಗೆ ಟೇಬಲ್ ಸಾ, ಅಂದರೆ ಮೇಜಿನ ಗರಗಸ, ಬೀಳುತ್ತದೆ. 40,000 ರೂಪಾಯಿ ಎಂದು ಬರೆದು, ಅದರ ಮೇಲೆ ಕೆಂಪು ಗೀಟು ಎಳೆದು, ಪಕ್ಕದಲ್ಲಿ 28,000 ಎಂದು ದಪ್ಪಕ್ಷರದಲ್ಲಿ ಹಾಕಿದ್ದಾರೆ. ಭಾನುವಾರದ ತನಕ ಮಾತ್ರ ಎಂಬ ಎಚ್ಚರಿಕೆ ಬೇರೆ. ಅಂದು ರಾತ್ರಿ ನಿಮಗೆ ನಿದ್ರೆ ಸರಿಯಾಗಿ ಬರುವುದಿಲ್ಲ.

ನೀವು ವೃತ್ತಿಯಿಂದ ಬಡಗಿಗಳಲ್ಲ. ಬ್ಯಾಂಕಿನಲ್ಲೋ ಶಾಲೆಯಲ್ಲೋ ಕೆಲಸ. ಅಥವಾ ಈಗ ತಾನೇ ನಿವೃತ್ತರಾಗಿದ್ದೀರಿ. ಬಿಡುವಿನಲ್ಲಿ ಒಂದು ಮಣೆ ಮಾಡಿದ್ದೀರಿ, ಪುಸ್ತಕ ಇಡಲು ಎರಡು ಹಲಗೆ ಹೊಡೆದಿದ್ದೀರಿ, ಮೊಮ್ಮಗಳಿಗೆ ಒಂದು ಪುಟ್ಟ ಕುರ್ಚಿ ಮಾಡಿಕೊಟ್ಟು ಬೀದಿಯವರಿಂದೆಲ್ಲ ಭೇಷ್ ಎನಿಸಿಕೊಂಡಿದ್ದೀರಿ. ಆದರೆ ಆ ಕುರ್ಚಿಯ ಒಂದು ಕಾಲಿನ ಕೆಳಗೆ ಮಡಿಸಿದ ಕಾಗದ ಇದೆ ಎಂಬುದು ನಿಮಗೊಬ್ಬರಿಗೇ ಗೊತ್ತು. ಕೈಗರಗಸದಲ್ಲಿ ಸೀಳಿದ ಹಲಗೆ ಒಂದು ತುದಿಯಲ್ಲಿ ಮೂರಂಗುಲ, ಇನ್ನೊಂದು ತುದಿಯಲ್ಲಿ ಮೂರೂಕಾಲು. ಮೇಜಿನ ಗರಗಸ ಒಂದಿದ್ದಿದ್ದರೆ ಹೀಗಾಗುತ್ತಿತ್ತೆ ಎಂಬ ಯೋಚನೆ ಬಂದೇ ಬರುತ್ತದೆ. ಬೆಳಗ್ಗೆ ಕಾಫಿಯ ಹೊತ್ತಿಗೆ ಮೆಲ್ಲಗೆ ವಿಷಯ ಎತ್ತುತ್ತೀರಿ. ಮನೆಯಾಕೆ ಲೋಟ ಕೆಳಗಿಟ್ಟು ಒಂದೇ ಮಾತು ಕೇಳುತ್ತಾರೆ: "ಅದನ್ನ ಎಲ್ಲಿಡ್ತೀರಿ?"

ಇದನ್ನು ಗೇಲಿಯ ಮಾತೆಂದು ಎಣಿಸಬೇಡಿ. ಈ ಯಂತ್ರವನ್ನು ಕೊಳ್ಳುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ನಾಲ್ಕು: ಯಾವ ಕೆಲಸಕ್ಕೆ, ಎಲ್ಲಿ, ನಿಜವಾಗಿ ಎಷ್ಟಕ್ಕೆ, ಕೈಬೆರಳುಗಳಿಗೆ ಎಷ್ಟು ಕ್ಷೇಮ. ನಿಮ್ಮ ಮನೆಯಾಕೆ ಎರಡನೆಯದನ್ನು ಆಗಲೇ ಕೇಳಿಬಿಟ್ಟಿದ್ದಾರೆ. ಉಳಿದ ಮೂರನ್ನೂ ಸೇರಿಸಿ ನಾವಿಬ್ಬರೂ ಈಗ ಕೂತು ಯೋಚಿಸೋಣ. ನಾನು ಒಂದು ಕಾಲಕ್ಕೆ ನಾಲ್ಕರಲ್ಲಿ ಒಂದನ್ನೂ ಕೇಳದೆ ಕೊಂಡವನು. ಆ ಕಥೆಯನ್ನು ಅದರ ಜಾಗ ಬಂದಾಗ ಹೇಳುತ್ತೇನೆ.

ಮೊದಲು ವಸ್ತು ಏನೆಂದು ತಿಳಿಯೋಣ. ಸಮತಟ್ಟಾದ ಒಂದು ಲೋಹದ ಮೇಜು. ನಡುವೆ ಉದ್ದನೆಯ ಸೀಳು. ಆ ಸೀಳಿನಿಂದ ಹಲ್ಲುಗಳಿರುವ ದುಂಡು ಬ್ಲೇಡು ಅರ್ಧ ಮೇಲಕ್ಕೆ ಇಣುಕುತ್ತದೆ. ಅದನ್ನು ತಿರುಗಿಸುವ ಮೋಟಾರು ಮೇಜಿನ ಅಡಿಯಲ್ಲಿರುತ್ತದೆ. ಬ್ಲೇಡಿಗೆ ಸರಿಸಮವಾಗಿ ಒಂದು ಪಕ್ಕದಲ್ಲಿ ನೇರವಾದ ತಡೆಪಟ್ಟಿ. ಇದನ್ನು ಫೆನ್ಸ್ ಎನ್ನುತ್ತಾರೆ. ಬ್ಲೇಡಿಗೂ ಫೆನ್ಸಿಗೂ ನಡುವೆ ಮೂರಂಗುಲ ಬಿಟ್ಟು ಬಿಗಿದರೆ, ಆ ದಾರಿಯಲ್ಲಿ ತಳ್ಳಿದ ಹಲಗೆಯೆಲ್ಲ ಮೂರಂಗುಲದ ಪಟ್ಟಿಯಾಗಿ ಹೊರಬರುತ್ತದೆ. ಒಂದು ಪಟ್ಟಿ ಬೇಕಾದರೂ ಅಷ್ಟೆ, ನಲವತ್ತು ಬೇಕಾದರೂ ಅಷ್ಟೆ. ಕೈಗರಗಸದ ಕೆಲಸದಲ್ಲಿ ಮರ ನಿಲ್ಲುತ್ತದೆ, ಗರಗಸ ಓಡಾಡುತ್ತದೆ. ಇಲ್ಲಿ ಗರಗಸ ನಿಂತಲ್ಲಿಯೇ ತಿರುಗುತ್ತದೆ, ಮರವನ್ನು ನಾವು ಅದರತ್ತ ಒಯ್ಯುತ್ತೇವೆ. ಈ ಯಂತ್ರದ ಗುಣವೂ ಅಪಾಯವೂ ಎರಡೂ ಇದೊಂದು ಅದಲುಬದಲಿನಿಂದಲೇ ಹುಟ್ಟಿದವು.

ಮಲೆನಾಡಿನ ಹಳಬರು ಮರ ಸೀಳುತ್ತಿದ್ದ ಬಗೆ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ದಿಮ್ಮಿಯನ್ನು ಎತ್ತರದಲ್ಲಿ ಏರಿಸಿ, ಮೇಲೊಬ್ಬ ಕೆಳಗೊಬ್ಬ ನಿಂತು, ಉದ್ದನೆಯ ಗರಗಸವನ್ನು ಎಳೆದಾಡುತ್ತಿದ್ದರು. ಕೆಳಗಿನವನ ತಲೆ, ಮೈ ಎಲ್ಲ ಮರದ ಹುಡಿ. ದುಂಡು ಗರಗಸದ ಪ್ರಸ್ತಾಪ ಇಂಗ್ಲೆಂಡಿನ ಸೌತಾಂಪ್ಟನ್ನಿನ ಸ್ಯಾಮ್ಯುಯೆಲ್ ಮಿಲ್ಲರ್ 1777ರಲ್ಲಿ ಪಡೆದ ಪೇಟೆಂಟಿನಲ್ಲಿಯೇ ಇದೆ. ಮರವನ್ನು ಜಾರುವ ಮೇಜಿನ ಮೇಲಿಟ್ಟು ಬ್ಲೇಡಿನತ್ತ ಒಯ್ಯುವ ಗರಗಸವನ್ನು ಜರ್ಮನಿಯ ವಿಲ್ಹೆಲ್ಮ್ ಆಲ್ಟೆನ್‌ಡಾರ್ಫ್ 1906ರಲ್ಲಿ ರೂಪಿಸಿದ. ಇಂದು ನಮ್ಮ ಪ್ಲೈವುಡ್ ಅಂಗಡಿಗಳಲ್ಲಿ ಕಾಣುವ ದೊಡ್ಡ ಪ್ಯಾನೆಲ್ ಗರಗಸಗಳಿಗೆ ಅದೇ ಮೂಲಪುರುಷ. ಮನೆಯಲ್ಲಿಡಲು ಮಾರುವ ಸಣ್ಣ ಯಂತ್ರ ಆ ವಂಶದ ಕಿರಿಯ ಕುಡಿ.

ಈಗ ಮೊದಲ ಪ್ರಶ್ನೆ: ಯಾವ ಕೆಲಸಕ್ಕೆ?

ಮೇಜಿನ ಗರಗಸದ ನಿಜವಾದ ವಿದ್ಯೆ ಒಂದೇ. ಹಲಗೆಯನ್ನು ಅದರ ಎಳೆಯ ಉದ್ದಕ್ಕೆ, ಒಂದೇ ಅಗಲದಲ್ಲಿ, ಮತ್ತೆ ಮತ್ತೆ ಸೀಳುವುದು. ಇದರಲ್ಲಿ ಅದನ್ನು ಮೀರಿಸುವ ಸಲಕರಣೆ ಮನೆಯ ಮಟ್ಟದಲ್ಲಿ ಇನ್ನೊಂದಿಲ್ಲ. ಅಡ್ಡಲಾಗಿ ಕತ್ತರಿಸುವುದನ್ನೂ, ಬ್ಲೇಡು ಓರೆಮಾಡಿ 45 ಡಿಗ್ರಿಯಲ್ಲಿ ಕೊಯ್ಯುವುದನ್ನೂ ಅದು ಮಾಡುತ್ತದೆ. 10 ಅಂಗುಲದ ಬ್ಲೇಡಿನಲ್ಲಿ ನೇರವಾಗಿ ಸುಮಾರು 3 ಅಂಗುಲ ದಪ್ಪದ ಮರವನ್ನು ಕೊಯ್ಯಬಹುದು. ಆದರೆ ಬಾಗಿದ ಗೆರೆಯನ್ನು ಅದು ಕೊಯ್ಯಲಾರದು. ಸೊಟ್ಟ ಹಲಗೆಯನ್ನು ಸಮ ಮಾಡಲಾರದು. ಅದಕ್ಕೆ ಹತ್ತರಿಯೇ ಬೇಕು. ಮೊಮ್ಮಗಳ ಕುರ್ಚಿಯ ಬೆನ್ನಿಗೆ ನವಿಲಿನ ಆಕಾರ ಬೇಕೆಂದಿದ್ದರೆ ಈ ಯಂತ್ರ ನಿಮ್ಮ ಮುಖವನ್ನೇ ನೋಡುತ್ತ ನಿಂತಿರುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ನಾಲ್ಕಡಿ ಎತ್ತರ, ಮೂರಡಿ ಅಗಲ, ಹತ್ತಂಗುಲ ಆಳದ ಒಂದು ಪುಸ್ತಕದ ಕಪಾಟು ಮಾಡಬೇಕು. ಎರಡು ಪಕ್ಕಗಳು, ತಲೆ ಬುಡ ಸೇರಿ ಐದು ಅಡ್ಡ ಹಲಗೆಗಳು. ಇದಕ್ಕೆ ಎಂಟಡಿಗೆ ನಾಲ್ಕಡಿಯ ಒಂದು ಪ್ಲೈವುಡ್ ಶೀಟು ಸಾಕು. ಅದನ್ನು ಉದ್ದಕ್ಕೆ ನಾಲ್ಕು ಬಾರಿ ಸೀಳಿದರೆ ಹತ್ತಂಗುಲದ ನಾಲ್ಕು ಪಟ್ಟಿ ಸಿಗುತ್ತವೆ. ಒಂದರಲ್ಲಿ ಎರಡು ಪಕ್ಕಗಳು, ಉಳಿದ ಮೂರರಲ್ಲಿ ಅಡ್ಡ ಹಲಗೆಗಳು. ಅಡ್ಡಲಾಗಿ ಇನ್ನು ಆರು ಕೊಯ್ತ. ಒಟ್ಟು ಹತ್ತು ಕೊಯ್ತ. ಯಂತ್ರದಲ್ಲಿ ಇದು ಕಾಲುಗಂಟೆಯ ಕೆಲಸವೂ ಅಲ್ಲ. ಆಮೇಲೆ ಗುರುತು ಹಾಕಿ, ಜೋಡಿಸಿ, ಅಂಟು ಒಣಗಿಸಿ, ಅಂಚಿಗೆ ಪಟ್ಟಿ ಹೊಡೆದು, ಉಜ್ಜುಕಾಗದ ಹಾಕಿ, ಪಾಲಿಷ್ ಬಳಿಯುವ ಹೊತ್ತಿಗೆ ಮೂರು ಭಾನುವಾರ ಕಳೆದಿರುತ್ತವೆ. ವರ್ಷಕ್ಕೆ ಇಂಥ ಎರಡು ಕಪಾಟು ಮಾಡುವವರಾದರೆ, 28,000 ರೂಪಾಯಿ ಕೊಟ್ಟು ನೀವು ಉಳಿಸಿಕೊಳ್ಳುವುದು ಎರಡು ಕಾಲುಗಂಟೆ.

ಆ ಹತ್ತು ಕೊಯ್ತವನ್ನು ಬೇರೆಲ್ಲಾದರೂ ಮಾಡಿಸಬಹುದೆ? ಧಾರಾಳವಾಗಿ ಮಾಡಿಸಬಹುದು. ಪ್ಯಾನೆಲ್ ಗರಗಸ ಇಟ್ಟ ಪ್ಲೈವುಡ್ ಅಂಗಡಿಯವರು ನೀವು ಬರೆದುಕೊಂಡು ಹೋದ ಅಳತೆಗೆ ಶೀಟನ್ನು ಅಲ್ಲಿಯೇ ಕೊಯ್ದು ಕೊಡುತ್ತಾರೆ. ತೇಗ, ಹೊನ್ನೆ, ಹಲಸು, ಸಿಲ್ವರ್ ಓಕ್ ಮುಂತಾದ ಗಟ್ಟಿ ಮರವಾದರೆ ಟಿಂಬರ್ ಡಿಪೋ ಇದೆ. ಬೆಂಗಳೂರಿನ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯಂಥ ಕಡೆ ಸಾಲು ಸಾಲಾಗಿ ಇವೆ, ಚಿಕ್ಕ ಊರಲ್ಲಿಯೂ ಒಂದಾದರೂ ಇರುತ್ತದೆ. ಅಲ್ಲಿ ಸೀಳಿ, ಯಂತ್ರದಲ್ಲಿ ಹತ್ತರಿ ಹೊಡೆಸಿ ತರಬಹುದು. ಮನೆಯಲ್ಲಿಯೇ ಕೊಯ್ಯಬೇಕೆಂಬ ಹಟವಿದ್ದರೆ, ಕೈಯಲ್ಲಿ ಹಿಡಿಯುವ ವಿದ್ಯುತ್ ಗರಗಸವನ್ನು ಬಿಗಿಯಾಗಿ ಕಟ್ಟಿದ ಒಂದು ನೇರ ಪಟ್ಟಿಯ ಆಧಾರದ ಮೇಲೆ ನಡೆಸಿದರೆ ನೇರ ಕೊಯ್ತ ಬರುತ್ತದೆ. ಅದರ ಬೆಲೆಯೂ ಬಹಳ ಕಡಿಮೆ, ಇಡಲು ಮಂಚದ ಕೆಳಗಿನ ಜಾಗ ಸಾಕು.

ಹಾಗಾದರೆ ಮೇಜಿನ ಗರಗಸ ಯಾರಿಗೆ ಬೇಕು? ಕಿಟಕಿ ಚೌಕಟ್ಟು, ಚಿತ್ರಗಳ ಕಟ್ಟು, ಡಬ್ಬಿ, ಆಟಿಕೆ, ಜಾಲರಿ ಮೊದಲಾಗಿ ಒಂದೇ ಅಗಲದ ಸಣ್ಣ ಸಣ್ಣ ತುಂಡುಗಳು ರಾಶಿಯಾಗಿ ಬೇಕಾಗುವ ಕೆಲಸವನ್ನು ವಾರ ವಾರವೂ ಮಾಡುವವರಿಗೆ ಬೇಕು. ಮಾಡುತ್ತಾ ಮಾಡುತ್ತಾ ಅರ್ಧ ಅಂಗುಲದ ಇನ್ನೊಂದು ಪಟ್ಟಿ ಬೇಕಾಯಿತೆಂದು ಡಿಪೋಗೆ ಮೂರನೆಯ ಸಲ ಓಡುವವರಿಗೆ ಬೇಕು. ನೀವು ಆ ಜಾತಿಯವರೋ ಅಲ್ಲವೋ ಎಂಬುದನ್ನು ತಿಳಿಯಲು ಸುಲಭವಾದ ದಾರಿಯಿದೆ. ಒಂದು ನೋಟುಪುಸ್ತಕ ಇಟ್ಟುಕೊಂಡು, ಕಳೆದ ಆರು ತಿಂಗಳಲ್ಲಿ ಏನೇನು ಮಾಡಿದಿರಿ, ಅದರಲ್ಲಿ ಉದ್ದಕ್ಕೆ ಸೀಳಬೇಕಾದದ್ದು ಎಷ್ಟು ಅಡಿ ಎಂದು ಬರೆಯಿರಿ. ಮುಂದೆ ಮಾಡಬೇಕೆಂದಿರುವುದನ್ನು ಬರೆಯಬೇಡಿ. ಆ ಪಟ್ಟಿ ಎಲ್ಲರಲ್ಲಿಯೂ ಉದ್ದವಾಗಿಯೇ ಇರುತ್ತದೆ.

ಎರಡನೆಯ ಪ್ರಶ್ನೆ, ಮನೆಯಾಕೆಯದು: ಎಲ್ಲಿ?

ಯಂತ್ರದ ಅಳತೆ ನೋಡಿ, ಎರಡೂವರೆ ಅಡಿ ಚಚ್ಚೌಕ ಜಾಗ ಸಾಕಲ್ಲವೆ ಎಂದುಕೊಳ್ಳುತ್ತೇವೆ. ಯಂತ್ರಕ್ಕೆ ಸಾಕು, ಮರಕ್ಕೆ ಸಾಲದು. ಎಂಟಡಿಯ ಹಲಗೆಯನ್ನು ಸೀಳಬೇಕಾದರೆ ಬ್ಲೇಡಿನ ಹಿಂದೆ ಎಂಟಡಿ, ಮುಂದೆ ಎಂಟಡಿ ಬಯಲು ಬೇಕು. ಜೊತೆಗೆ ನೀವು ನಿಲ್ಲುವ ಜಾಗ. ಮುಕ್ಕಾಲು ಅಂಗುಲ ದಪ್ಪದ ಒಂದು ಪೂರ್ತಿ ಪ್ಲೈವುಡ್ ಶೀಟು 30 ಕಿಲೋಗೂ ಹೆಚ್ಚು ತೂಗುತ್ತದೆ. ಆ ಸಣ್ಣ ಮೇಜಿನ ಮೇಲೆ ಅದನ್ನು ಒಬ್ಬರೇ ಹೊಂದಿಸಿ ತಳ್ಳುವುದು ಕಷ್ಟ ಮಾತ್ರವಲ್ಲ, ಅಪಾಯ. ತಾರಸಿಯ ಮೇಲೆ ಇಡುತ್ತೇನೆ ಎಂದರೆ ಮಳೆಗಾಲದಲ್ಲಿ ಮೇಜು ತುಕ್ಕು ಹಿಡಿಯುತ್ತದೆ. ಕಾರು ನಿಲ್ಲಿಸುವ ಜಾಗ ಎಂದರೆ ಕಾರು ರಸ್ತೆಗೆ ಹೋಗಬೇಕು.

ಸದ್ದಿನ ಮಾತನ್ನೂ ಮರೆಯಬಾರದು. ಸುಲಭವಾಗಿ ಹೊತ್ತೊಯ್ಯುವಂತೆ ಮಾಡಿದ ಅಗ್ಗದ ಯಂತ್ರಗಳಲ್ಲಿ ಇರುವುದು ಮಿಕ್ಸಿಯಲ್ಲಿರುವ ಬಗೆಯ, ಇದ್ದಲಿನ ಬ್ರಷ್ಷುಗಳುಳ್ಳ ಮೋಟಾರು. ಹಗುರ, ಶಕ್ತಿವಂತ, ಆದರೆ ಅದರ ಕೂಗು ಸುಮಾರು 100 ಡೆಸಿಬಲ್‌ವರೆಗೂ ಏರುತ್ತದೆ. ಮನೆಯವರೆಲ್ಲ ರೇಡಿಯೋ ಮುಂದೆ ಕೂತು ಸಂಗೀತ ಕೇಳುವ ಹೊತ್ತಿನಲ್ಲಿ ನೀವು ಅದನ್ನು ಹಾಕಿದರೆ, ನಿಮ್ಮ ಮನೆಯಲ್ಲಷ್ಟೇ ಅಲ್ಲ, ಮೂರು ಮನೆಯಾಚೆಯೂ ಸಂಗೀತ ನಿಲ್ಲುತ್ತದೆ. ದಪ್ಪ ಯಂತ್ರಗಳಲ್ಲಿರುವ ಇಂಡಕ್ಷನ್ ಮೋಟಾರು ಇಷ್ಟು ಕೂಗುವುದಿಲ್ಲ. ಆದರೆ ಅದರ ಭಾರ ಮತ್ತು ಬೆಲೆ ಬೇರೆಯೇ.

ಹುಡಿಯದು ಇನ್ನೂ ಗಂಭೀರವಾದ ವಿಷಯ. ಕೈಗರಗಸದ ಹುಡಿ ದಪ್ಪ. ಕಾಲ ಬಳಿ ಬೀಳುತ್ತದೆ, ಗುಡಿಸಿದರೆ ಮುಗಿಯಿತು. ಯಂತ್ರದ ಹುಡಿಯಲ್ಲಿ ಬಹುಭಾಗ ನುಣ್ಣಗೆ ಗಾಳಿಯಲ್ಲಿ ತೇಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯವರು 1995ರಲ್ಲಿಯೇ ಮರದ ಹುಡಿಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದ್ದಾರೆ. ದಿನವೂ ವರ್ಷಗಟ್ಟಲೆ ಉಸಿರಾಡುವ ಕಾರ್ಮಿಕರಿಗೆ ಇರುವ ಅಪಾಯ ಭಾನುವಾರದ ಬಡಗಿಗೆ ಇಲ್ಲವೆಂದು ಇಟ್ಟುಕೊಂಡರೂ, ಉಬ್ಬಸದ ಅಜ್ಜಿಯೋ ಎಳೆಮಗುವೋ ಇರುವ ಮನೆಯ ಒಳಕೋಣೆಯಲ್ಲಿ ಈ ಯಂತ್ರಕ್ಕೆ ಜಾಗವಿಲ್ಲ.

ಇನ್ನು ವಿದ್ಯುತ್ತು. 1,800 ವಾಟಿನ ಮೋಟಾರು ನಮ್ಮ 230 ವೋಲ್ಟಿನಲ್ಲಿ 8 ಆಂಪಿಯರ್ ಎಳೆಯುತ್ತದೆ. ಹೊರಡುವ ಕ್ಷಣದಲ್ಲಿ ಅದರ ಹಲವು ಪಟ್ಟು. ಫೋನಿಗೆ ಜೀವ ತುಂಬುವ 6 ಆಂಪಿಯರ್ ಸಾಕೆಟ್ಟಿಗೆ ಅದನ್ನು ಸಿಕ್ಕಿಸಬಾರದು. ಗೀಸರಿಗೆ ಹಾಕುವಂಥ 16 ಆಂಪಿಯರ್ ಸಾಕೆಟ್ಟು, ಸರಿಯಾದ ಅರ್ತಿಂಗ್ ಎರಡೂ ಬೇಕು. ಸಪೂರ ತಂತಿಯ ಎಕ್ಸ್‌ಟೆನ್ಷನ್ ಬಳಸಿದರೆ ಯಂತ್ರಕ್ಕೆ ಬಲ ಸಾಲದು, ತಂತಿಯೂ ಬಿಸಿಯಾಗುತ್ತದೆ.

ಮೂರನೆಯ ಪ್ರಶ್ನೆ: ನಿಜವಾಗಿ ಎಷ್ಟಕ್ಕೆ?

12,000 ರೂಪಾಯಿ ಉಳಿಯಿತೆಂದು ಜಾಹೀರಾತು ಹೇಳುತ್ತದೆ. ನಿಮ್ಮ ಕೈಯಿಂದ 28,000 ಹೋಯಿತೆಂದು ಬ್ಯಾಂಕಿನ ಪುಸ್ತಕ ಹೇಳುತ್ತದೆ. ಎರಡರಲ್ಲಿ ನಂಬಬೇಕಾದದ್ದು ಬ್ಯಾಂಕಿನ ಪುಸ್ತಕವನ್ನು. ಆಮೇಲೂ ಖರ್ಚು ನಿಲ್ಲುವುದಿಲ್ಲ. ಯಂತ್ರದ ಜೊತೆಗೆ ಬರುವ ಬ್ಲೇಡು ಸಾಧಾರಣವಾದದ್ದು. ಉದ್ದಕ್ಕೆ ಸೀಳಲು 24 ಹಲ್ಲಿನದು, ಪ್ಲೈವುಡ್ಡಿನ ಅಂಚು ಕಿತ್ತುಬಾರದಂತೆ ಕೊಯ್ಯಲು 60 ಹಲ್ಲಿನದು, ಹೀಗೆ ಎರಡಾದರೂ ಬೇಕು. ನಮ್ಮ ತೇಗದಲ್ಲಿ ಮರಳಿನ ಅಂಶವಾದ ಸಿಲಿಕಾ ಇರುವುದರಿಂದ ಅದು ಹಲ್ಲುಗಳನ್ನು ಬೇಗ ಮೊಂಡು ಮಾಡುತ್ತದೆ. ಅದಕ್ಕಾಗಿ ತುದಿಗೆ ಟಂಗ್‌ಸ್ಟನ್ ಕಾರ್ಬೈಡ್ ಇರುವ ಬ್ಲೇಡೇ ಬೇಕು, ಅದನ್ನೂ ಆಗಾಗ ಸಾಣೆಗೆ ಕೊಡಬೇಕು. ಹುಡಿ ಎಳೆಯುವ ಯಂತ್ರ, ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ, ಮೂಗಿಗೆ ಒಳ್ಳೆಯ ಮುಖವಾಡ, ಹೊಸ ಸಾಕೆಟ್ಟು, ಹಲಗೆಗೆ ಆನಿಕೆ ಕೊಡುವ ಸ್ಟ್ಯಾಂಡು ಇವೆಲ್ಲವನ್ನೂ ಒಂದು ಕಾಗದದಲ್ಲಿ ಬರೆದು ನಿಮ್ಮ ಊರಿನ ಬೆಲೆ ಹಾಕಿ ಕೂಡಿ ನೋಡಿ. ಉಳಿಯಿತೆಂದ ಹನ್ನೆರಡು ಸಾವಿರ ಎಲ್ಲಿ ಹೋಯಿತೆಂದು ತಿಳಿಯುತ್ತದೆ.

ಬೆಲೆ ಏಕೆ ಇಳಿದಿದೆ ಎಂಬುದನ್ನೂ ವಿಚಾರಿಸಬೇಕು. ಹಬ್ಬದ ವ್ಯಾಪಾರ ಎಂದರೆ ಸರಿ. ಅಂಗಡಿಯಲ್ಲಿ ನೋಡಲು ಇಟ್ಟಿದ್ದದ್ದು ಎಂದರೆ ಅದೂ ಪರವಾಗಿಲ್ಲ, ಎಲ್ಲ ಭಾಗಗಳೂ ಇದ್ದರೆ. ತಯಾರಕರು ಈ ಮಾದರಿಯನ್ನು ನಿಲ್ಲಿಸಿದ್ದಾರೆ ಎಂದರೆ ಬಿಡಿಭಾಗ ಮುಂದೆ ಸಿಗುತ್ತದೆಯೇ ಎಂದು ಕೇಳಿ. ಯಾರೋ ಕೊಂಡು ಹಿಂದಿರುಗಿಸಿದ್ದು ಎಂದರೆ, ಏಕೆ ಹಿಂದಿರುಗಿಸಿದರು ಎಂಬ ಉತ್ತರ ಸಿಗುವ ತನಕ ದುಡ್ಡು ಜೇಬಿನಲ್ಲಿಯೇ ಇರಲಿ. ಅಮೆರಿಕದಿಂದ ಬಂಧುಗಳು ತಂದದ್ದು ಅಗ್ಗಕ್ಕೆ ಸಿಗುತ್ತದೆ ಎಂದರೆ ಹೆಸರುಪಟ್ಟಿಯನ್ನು ಓದಿ. ಅಲ್ಲಿಯ ವಿದ್ಯುತ್ತು 120 ವೋಲ್ಟು, 60 ಹರ್ಟ್ಸ್. ಇಲ್ಲಿಯದು 230 ವೋಲ್ಟು, 50 ಹರ್ಟ್ಸ್.

ಈಗ ನಾಲ್ಕನೆಯ ಪ್ರಶ್ನೆ, ಮತ್ತು ನಾನು ಹೇಳುತ್ತೇನೆಂದ ಕಥೆ.

ನಾನು ಮೇಷ್ಟರಾಗಿದ್ದ ಕಾಲ. ಒಬ್ಬರು ಊರು ಬಿಡುವವರು ತಮ್ಮ ಮೇಜಿನ ಗರಗಸವನ್ನು ಅರ್ಧ ಬೆಲೆಗೆ ಕೊಡುತ್ತೇನೆಂದರು. ಮೇಜು ಇತ್ತು, ಮೋಟಾರು ಇತ್ತು, ಬ್ಲೇಡು ಇತ್ತು. ಬ್ಲೇಡಿನ ಮೇಲಿನ ಮುಚ್ಚಳ ಇರಲಿಲ್ಲ. ಬ್ಲೇಡಿನ ಬೆನ್ನಿಗೇ ನಿಲ್ಲುವ ಒಂದು ತೆಳು ಉಕ್ಕಿನ ಪಟ್ಟಿಯೂ ಇರಲಿಲ್ಲ. "ಅದು ಅಡ್ಡ ಬರುತ್ತೆ ಸಾರ್, ಎಲ್ಲರೂ ತೆಗೆದೇ ಹಾಕ್ತಾರೆ" ಎಂದರು. ನಾನೂ ಹೂಂ ಎಂದೆ. ಎರಡು ತಿಂಗಳು ಸುಖವಾಗಿ ಕಳೆಯಿತು. ಒಂದು ಮಧ್ಯಾಹ್ನ ಹಲಸಿನ ಹಲಗೆಯೊಂದನ್ನು ಸೀಳುತ್ತಿದ್ದೆ. ಮುಕ್ಕಾಲು ಭಾಗ ಹೋಗಿತ್ತು. ಮುಂದೆ ಏನಾಯಿತೆಂಬುದು ನನಗೆ ಕಾಣಲೇ ಇಲ್ಲ. ಢಮ್ ಎಂದು ಸದ್ದಾಯಿತು, ಹೊಟ್ಟೆಗೆ ಕೋಣ ಗುಮ್ಮಿದಂತಾಯಿತು, ನಾನು ಗೋಡೆಗೆ ಒರಗಿ ಕೂತಿದ್ದೆ. ಹಲಗೆ ನನ್ನ ಪಕ್ಕೆಲುಬಿನ ಕೆಳಗೆ ಬಡಿದು, ಹಿಂದಿದ್ದ ಕಿಟಕಿಯ ಗಾಜನ್ನು ಒಡೆದು ಅಂಗಳಕ್ಕೆ ಬಿದ್ದಿತ್ತು. ಮೂರು ವಾರ ಹೊಟ್ಟೆ ಕಪ್ಪಗಾಗಿತ್ತು. ಅಂಗಳದಲ್ಲಿ ಮಗ ಆಡುವ ಹೊತ್ತು ಅದಲ್ಲ ಎಂಬುದು ನನ್ನ ಪುಣ್ಯ, ಜಾಣತನವಲ್ಲ.

ಸಂಜೆ ನಮ್ಮ ಬೀದಿಯ ಬಡಗಿ ಆಚಾರ್ರು ನೋಡಲು ಬಂದರು. ಅವರ ಎಡಗೈ ತೋರುಬೆರಳು ಮೊದಲ ಗೆಣ್ಣಿಗೇ ಮುಗಿಯುತ್ತದೆ. ಯಂತ್ರವನ್ನು ಸುತ್ತಿ ನೋಡಿ, "ಮೇಷ್ಟ್ರೇ, ಇದರ ಬೆನ್ನೆಲುಬು ಎಲ್ಲಿ?" ಎಂದರು. ಅವರು ಕೇಳಿದ್ದು ಆ ತೆಳು ಪಟ್ಟಿಯನ್ನು. "ಇದ್ರೆ ಅಡ್ಡ ಬರುತ್ತೆ ಅಂದ್ರು ಆಚಾರ್ರೇ" ಎಂದೆ. ಅವರು ತಮ್ಮ ಕೈಯನ್ನು ಮುಂದೆ ಹಿಡಿದು, "ನನಗೂ ಹಾಗೇ ಹೇಳಿದ್ರು" ಎಂದರು.

ಆ ಪಟ್ಟಿಯ ಹೆಸರು ರೈವಿಂಗ್ ನೈಫ್. ಅದರ ಕೆಲಸ ಏನೆಂದು ವಿವರಿಸುತ್ತೇನೆ, ಏಕೆಂದರೆ ಈ ಯಂತ್ರದಲ್ಲಿ ತಿಳಿಯಲೇಬೇಕಾದ ಸಂಗತಿ ಇದೊಂದಿದೆ. ಬ್ಲೇಡಿನ ಮುಂಭಾಗದ ಹಲ್ಲುಗಳು, ನಿಮ್ಮ ಕಡೆಗಿರುವವು, ಕೆಳಮುಖವಾಗಿ ಇಳಿಯುತ್ತ ಮರವನ್ನು ಮೇಜಿಗೆ ಒತ್ತುತ್ತವೆ. ಹಿಂಭಾಗದ ಹಲ್ಲುಗಳು ಮೇಲಕ್ಕೆ ಏರಿ ನಿಮ್ಮ ಕಡೆಗೇ ಬರುತ್ತವೆ. ಸಾಮಾನ್ಯವಾಗಿ ಹಿಂಭಾಗ ಮರವನ್ನು ಮುಟ್ಟುವುದಿಲ್ಲ. ಮುಂಭಾಗ ಕೊಯ್ದ ಸುಮಾರು 3 ಮಿಲಿಮೀಟರ್ ಸಂದಿನಲ್ಲಿ ಸುಮ್ಮನೆ ತಿರುಗುತ್ತದೆ. ಆದರೆ ಮರ ಜಡವಸ್ತುವಲ್ಲ. ಸರಿಯಾಗಿ ಆರದ ಹಲಗೆಯೊಳಗೆ ಬಿಗಿ ಅಡಗಿರುತ್ತದೆ. ಸೀಳಿದೊಡನೆ ಎರಡು ಹೋಳೂ ಬಾಗಿ ಸಂದು ಮುಚ್ಚಿಕೊಳ್ಳುತ್ತದೆ. ಫೆನ್ಸು ಒಂದು ಕೂದಲೆಳೆ ಓರೆಯಾಗಿದ್ದರೂ ಹಲಗೆ ಬ್ಲೇಡಿನ ಹಿಂಭಾಗಕ್ಕೆ ಒತ್ತುತ್ತದೆ. ಆಗ ಏರುವ ಹಲ್ಲುಗಳು ಹಲಗೆಯನ್ನು ಹಿಡಿದು ಎತ್ತಿ ನಿಮ್ಮ ಮೇಲೆ ಎಸೆಯುತ್ತವೆ. ಎಸೆಯುವ ವೇಗ ಎಷ್ಟೆಂದು ಬಲ್ಲಿರಾ? 10 ಅಂಗುಲದ ಬ್ಲೇಡಿನ ಸುತ್ತಳತೆ ಸುಮಾರು 80 ಸೆಂಟಿಮೀಟರು. ನಿಮಿಷಕ್ಕೆ 4,000 ಸುತ್ತು ಎಂದರೆ ಹಲ್ಲಿನ ವೇಗ ಸೆಕೆಂಡಿಗೆ 53 ಮೀಟರು, ಗಂಟೆಗೆ 190 ಕಿಲೋಮೀಟರು. ಕೈ ಹಿಂದಕ್ಕೆ ಎಳೆದುಕೊಳ್ಳುವ ಮಾತೇ ಇಲ್ಲ. ಎಷ್ಟೋ ಸಲ ಹಲಗೆ ಹಾರುವಾಗ ಅದನ್ನು ಹಿಡಿದಿದ್ದ ಕೈಯೂ ಬ್ಲೇಡಿನ ಮೇಲೆ ಹೋಗುತ್ತದೆ. ಬೆರಳು ಹೋಗುವುದು ಹೀಗೆ.

ರೈವಿಂಗ್ ನೈಫ್ ಬ್ಲೇಡಿನ ಬೆನ್ನಿಗೆ ಅಂಟಿದಂತೆ ನಿಂತು, ಆ ಸಂದು ಮುಚ್ಚದಂತೆ ತಡೆಯುತ್ತದೆ. ಹಲಗೆ ಹಿಂಭಾಗದ ಹಲ್ಲುಗಳಿಗೆ ಸಿಕ್ಕದಂತೆ ಅಡ್ಡ ನಿಲ್ಲುತ್ತದೆ. ಬ್ಲೇಡನ್ನು ಏರಿಸಿದರೆ ಅದೂ ಏರುತ್ತದೆ, ಓರೆ ಮಾಡಿದರೆ ಅದೂ ಓರೆಯಾಗುತ್ತದೆ. ನೂರು ಗ್ರಾಂ ಉಕ್ಕು ಕೂಡ ಇರಲಾರದು. ನಾನು ಅರ್ಧ ಬೆಲೆಗೆ ಕೊಂಡ ಯಂತ್ರದಲ್ಲಿ ಕೊರತೆಯಿದ್ದದ್ದು ಅಷ್ಟೇ.

ಇದು ನನ್ನೊಬ್ಬನ ದುರದೃಷ್ಟವೆಂದು ಎಣಿಸಬೇಡಿ. ಮನೆಮನೆಯಲ್ಲಿ ಈ ಗರಗಸವಿರುವ ಅಮೆರಿಕದಲ್ಲಿ ಇದರಿಂದ ಗಾಯಗೊಂಡು ಚಿಕಿತ್ಸೆಗೆ ಬರುವವರು ವರ್ಷಕ್ಕೆ 30,000ಕ್ಕೂ ಹೆಚ್ಚು ಎಂದು ಅಲ್ಲಿನ ಸರ್ಕಾರದ ಗ್ರಾಹಕ ಸುರಕ್ಷತಾ ಆಯೋಗ ಅಂದಾಜು ಮಾಡಿದೆ. ಅವರಲ್ಲಿ ಸಾವಿರಾರು ಮಂದಿ ಬೆರಳು ಕಳೆದುಕೊಂಡವರು. ಅಲ್ಲಿಯ ಸ್ಟೀವ್ ಗ್ಯಾಸ್ ಎಂಬ ಭೌತಶಾಸ್ತ್ರಜ್ಞ 1999ರಲ್ಲಿ ಒಂದು ಉಪಾಯ ಕಂಡುಹಿಡಿದ. ಮರದಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುವುದಿಲ್ಲ, ನಮ್ಮ ಮೈಯಲ್ಲಿ ಹರಿಯುತ್ತದೆ. ಬ್ಲೇಡಿಗೆ ಬಹಳ ಸಣ್ಣ ವಿದ್ಯುತ್ ಸಂಕೇತವನ್ನು ಕೊಟ್ಟಿಟ್ಟರೆ, ಬೆರಳು ತಗುಲಿದ ಕ್ಷಣ ಅದು ವ್ಯತ್ಯಾಸವಾಗುತ್ತದೆ; ಕೂಡಲೆ ಒಂದು ಅಲ್ಯೂಮಿನಿಯಂ ತುಂಡು ಹಲ್ಲುಗಳೊಳಗೆ ನುಗ್ಗಿ, ಸುಮಾರು 5 ಮಿಲಿಸೆಕೆಂಡಿನಲ್ಲಿ, ಎಂದರೆ ಸೆಕೆಂಡಿನ ಇನ್ನೂರನೆಯ ಒಂದು ಭಾಗದಲ್ಲಿ, ಬ್ಲೇಡನ್ನು ನಿಲ್ಲಿಸುತ್ತದೆ. ಬ್ಲೇಡು ಹಾಳಾಗುತ್ತದೆ, ಬೆರಳಿಗೆ ಒಂದು ಗೀರು ಬೀಳುತ್ತದೆ. ಇಂಥ ಗರಗಸಗಳು ದುಬಾರಿ. ಹಬ್ಬದ ರಿಯಾಯಿತಿಯ ಸಾಧಾರಣ ಯಂತ್ರದಲ್ಲಿ ಈ ಏರ್ಪಾಡನ್ನು ನಿರೀಕ್ಷಿಸಬೇಡಿ. ಅಲ್ಲಿ ನಿಮಗಿರುವ ಕಾವಲು ಮೂರೇ: ಮೇಲಿನ ಮುಚ್ಚಳ, ರೈವಿಂಗ್ ನೈಫ್, ಮತ್ತು ನಿಮ್ಮ ತಾಳ್ಮೆ.

ಕೈಯಲ್ಲಿ ಹಿಡಿಯುವ ಗರಗಸವನ್ನು ಹಲಗೆಯ ಕೆಳಗೆ ತಲೆಕೆಳಗಾಗಿ ಬಿಗಿದು, ಅದನ್ನೇ ಮೇಜಿನ ಗರಗಸವೆಂದು ಬಳಸುವುದನ್ನು ಕಟ್ಟಡದ ಕೆಲಸಗಳಲ್ಲಿ ನೀವು ನೋಡಿರಬಹುದು. ಅದು ಅತಿ ಅಗ್ಗದ ದಾರಿ. ಅದರಲ್ಲಿ ಈ ಮೂರು ಕಾವಲುಗಳಲ್ಲಿ ಮೊದಲೆರಡು ಇಲ್ಲ. ಹೊಟ್ಟೆಪಾಡಿಗೆ ಮಾಡುವವರ ಕಷ್ಟ ಬೇರೆ. ಹವ್ಯಾಸಕ್ಕೆಂದು ಮಾಡುವ ನಮಗೆ ಆ ದಾರಿ ಬೇಡ.

ಇಷ್ಟು ಕೇಳಿಯೂ ನಿಮ್ಮ ನೋಟುಪುಸ್ತಕ ಬೇಕು ಎನ್ನುತ್ತಿದೆ, ಜಾಗವಿದೆ, ದುಡ್ಡೂ ಇದೆ ಎಂದುಕೊಳ್ಳೋಣ. ಹಾಗಿದ್ದರೆ ಅಂಗಡಿಗೆ ಹೋಗಿ. ಫೋನಿನಲ್ಲಿ ಚಿತ್ರ ನೋಡಿ ಕೊಳ್ಳುವ ವಸ್ತು ಇದಲ್ಲ. ಒಂದು ಉಕ್ಕಿನ ಅಳತೆಪಟ್ಟಿ ಜೊತೆಗಿರಲಿ. ಮೊದಲು ರೈವಿಂಗ್ ನೈಫ್ ಮತ್ತು ಮುಚ್ಚಳ ಇವೆಯೇ ನೋಡಿ. ಇಲ್ಲವಾದರೆ, ತರಿಸಿಕೊಡುತ್ತೇವೆ ಎಂದರೂ, ನಮಸ್ಕಾರ ಹೇಳಿ ಹೊರಟುಬಿಡಿ. ಇದ್ದರೆ, ಪ್ಲಗ್ಗು ಕಿತ್ತಿರುವುದನ್ನು ಖಚಿತಪಡಿಸಿಕೊಂಡು, ಫೆನ್ಸನ್ನು ಬಿಗಿದು ಬ್ಲೇಡಿನ ಮುಂದಿನ ಅಂಚಿನಿಂದಲೂ ಹಿಂದಿನ ಅಂಚಿನಿಂದಲೂ ಅಳೆಯಿರಿ. ಎರಡೂ ಒಂದೇ ಇರಬೇಕು. ಫೆನ್ಸನ್ನು ಸಡಿಲಿಸಿ ಮತ್ತೆ ಬಿಗಿದು ಇನ್ನೊಮ್ಮೆ ಅಳೆಯಿರಿ. ಅಗ್ಗದ ಯಂತ್ರಗಳು ಸೋಲುವುದು ಬಹುತೇಕ ಇಲ್ಲಿಯೇ. ಪಟ್ಟಿಯನ್ನು ಮೇಜಿನ ಮೇಲೆ ಅಂಚು ನಿಲ್ಲಿಸಿ, ಕೆಳಗೆ ಬೆಳಕು ತೂರುತ್ತದೆಯೇ ನೋಡಿ. ಬ್ಲೇಡನ್ನು ಕೈಯಿಂದ ಅಲುಗಿಸಿದರೆ ಲಟಪಟ ಎನ್ನಬಾರದು. ಏರಿಸುವ, ಓರೆ ಮಾಡುವ ಚಕ್ರಗಳು ನಯವಾಗಿ ತಿರುಗಬೇಕು. ನಿಲ್ಲಿಸುವ ಗುಂಡಿ ದೊಡ್ಡದಾಗಿ, ಕೆಂಪಗೆ, ಮೊಣಕಾಲಿನಿಂದ ಒತ್ತಿದರೂ ಸಿಗುವಂತಿರಬೇಕು. ಕೊನೆಗೆ ಓಡಿಸಿ ಸದ್ದು ಕೇಳಿ. ಬಿಲ್ಲು, ಗ್ಯಾರಂಟಿ, ದುರಸ್ತಿ ಮಾಡುವವರ ವಿಳಾಸ ಮೂರನ್ನೂ ಪಡೆದು ಬನ್ನಿ.

ತಂದ ಮೇಲೆ ಕೆಲವು ನೇಮಗಳು. ಪಂಚೆಯ ಸೆರಗು, ಜುಬ್ಬದ ತೋಳು, ಉಂಗುರ, ಕೈಗವಸು ಯಾವುದೂ ಬ್ಲೇಡಿನ ಹತ್ತಿರ ಸುಳಿಯಬಾರದು. ಬ್ಲೇಡು ಮರಕ್ಕಿಂತ ಒಂದು ಹಲ್ಲಿನಷ್ಟು ಮಾತ್ರ ಮೇಲಿರಲಿ. ಹಲಗೆ ಹಾರಿದರೆ ಬರುವ ದಾರಿಯಲ್ಲಿ ನಿಲ್ಲದೆ ಒಂದು ಪಕ್ಕಕ್ಕೆ ನಿಲ್ಲಿ. ಆಧಾರವಿಲ್ಲದೆ ಬರಿಗೈಯಲ್ಲಿ ಹಿಡಿದು ಎಂದೂ ಕೊಯ್ಯಬೇಡಿ. ಫೆನ್ಸು ಇರಬೇಕು, ಇಲ್ಲವೇ ಅಡ್ಡಕೊಯ್ತದ ಗೇಜು ಇರಬೇಕು. ಅಗಲ ಕಡಿಮೆಯಾದಾಗ ಬೆರಳಿನಿಂದ ತಳ್ಳದೆ ಕೋಲಿನಿಂದ ತಳ್ಳಿ. ಮೊಂಡಾದ ಬ್ಲೇಡು ಹರಿತವಾದದ್ದಕ್ಕಿಂತ ಅಪಾಯ, ಏಕೆಂದರೆ ಅದಕ್ಕೆ ನಿಮ್ಮ ಬಲ ಬೇಕಾಗುತ್ತದೆ. ಬ್ಲೇಡು ಬದಲಿಸುವಾಗ ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಿ. ಮನಸ್ಸು ಸರಿಯಿಲ್ಲದ ದಿನ, ನಿದ್ರೆಗೆಟ್ಟ ದಿನ, ಯಾರೋ ಕಾಯುತ್ತಿದ್ದಾರೆಂಬ ಅವಸರದ ದಿನ ಅದನ್ನು ಮುಟ್ಟಬೇಡಿ. ಸಾಧ್ಯವಾದರೆ ಕೊಳ್ಳುವ ಮೊದಲೇ ಬಲ್ಲವರ ಬಳಿ ಕೆಲವು ದಿನ ಕಲಿಯಿರಿ. ಬೆಂಗಳೂರಿನ ಮಲ್ಲೇಶ್ವರದಲ್ಲಿ 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಆರಂಭವಾಗಿ, ಈಗ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಎನಿಸಿರುವಲ್ಲಿ ಮರಗೆಲಸದ ಯಂತ್ರಗಳ ತರಬೇತಿ ಕೇಂದ್ರವೇ ಇದೆ. ದೂರದವರಿಗೆ ಊರಿನ ಹಿರಿಯ ಬಡಗಿಗಳೇ ಗುರುಗಳು.

ಇನ್ನು ತೀರ್ಪು ನಿಮ್ಮದು. ನನ್ನ ಅಭಿಪ್ರಾಯ ಇಷ್ಟು. ಪೂರ್ತಿ 40,000 ಕೊಟ್ಟಾದರೂ ಕೊಳ್ಳುತ್ತಿದ್ದೆ ಎಂದು ನಿಮ್ಮ ಲೆಕ್ಕ ಹೇಳಿದರೆ, 28,000ಕ್ಕೆ ಸಿಕ್ಕಾಗ ಸಂತೋಷದಿಂದ ಕೊಳ್ಳಿ. ಬೆಲೆ ಇಳಿದಿದೆ ಎಂಬುದೊಂದೇ ಕಾರಣವಾದರೆ ಬಿಟ್ಟುಬಿಡಿ. ಮುಂದಿನ ದೀಪಾವಳಿಗೆ ಅಂಗಡಿಯವರ ವಾತ್ಸಲ್ಯ ಮತ್ತೆ ಉಕ್ಕುತ್ತದೆ.

ನನ್ನ ಹಳೆಯ ಯಂತ್ರದ ಗತಿ ಏನಾಯಿತೆಂದು ಕೇಳುತ್ತೀರಾ? ಅದನ್ನು ಇನ್ನೊಬ್ಬರಿಗೆ ಮಾರಲು ಮನಸ್ಸು ಬರಲಿಲ್ಲ. ಮೋಟಾರು ಬಿಚ್ಚಿ ಉಳಿದದ್ದನ್ನು ಗುಜರಿಗೆ ಹಾಕಿದೆ. ಎಂಟು ವರ್ಷ ಡಿಪೋದಲ್ಲಿಯೇ ಸೀಳಿಸಿದೆ. ನಿವೃತ್ತನಾದ ಮೇಲೆ, ನೋಟುಪುಸ್ತಕ ತುಂಬಿದ ಮೇಲೆ, ಆಚಾರ್ರನ್ನು ಕರೆದುಕೊಂಡು ಹೋಗಿ ಹೊಸದೊಂದನ್ನು ಪೂರ್ತಿ ಬೆಲೆಗೆ ತಂದೆ. ಅಂಗಡಿಯಲ್ಲಿ ಅವರು ಬೇರೇನನ್ನೂ ನೋಡುವ ಮೊದಲು, ತಮ್ಮ ಗಿಡ್ಡ ಬೆರಳಿನಿಂದ ಬ್ಲೇಡಿನ ಬೆನ್ನಿಗಿದ್ದ ಆ ಪಟ್ಟಿಯನ್ನು ಮುಟ್ಟಿ ನೋಡಿ, "ಹೂಂ, ಇದೆ. ಇನ್ನು ಬೆಲೆ ಮಾತಾಡಿ ಮೇಷ್ಟ್ರೇ" ಎಂದರು.